ಇಬ್ಬರೂ ಒಪ್ಪಿದೆವು, ಹೋಮ್ ಲೋನ್ ಒಪ್ಪಲಿಲ್ಲ

"ಇಬ್ರೂ ಒಪ್ಪಿದ್ದೀರಲ್ಲ, ಇನ್ನೇನು ಕಷ್ಟ?" ಡಿವೋರ್ಸ್ ವಿಷಯ ಹೇಳಿದಾಗ ಗೆಳತಿಯರೆಲ್ಲ ಕೇಳಿದ್ದು ಇದನ್ನೇ. ನಿಜ, ನಮ್ಮಲ್ಲಿ ಕೂಗಾಟ ಇರಲಿಲ್ಲ, ಪೊಲೀಸ್ ಸ್ಟೇಷನ್ ಇರಲಿಲ್ಲ. ಏಳು ವರ್ಷ ಜೊತೆಗಿದ್ದು, ಹದಿನಾಲ್ಕು ತಿಂಗಳು ಬೇರೆಬೇರೆ ಇದ್ದು, ಇನ್ನು ಸಾಕು ಅಂತ ಇಬ್ಬರಿಗೂ ಅನಿಸಿತ್ತು. ಆದರೆ ಬೇರೆಯಾಗೋದಕ್ಕೆ ಒಪ್ಪಿದ್ದೆವೇ ಹೊರತು ಬೇರೆ ಯಾವುದಕ್ಕೂ ಒಪ್ಪಿರಲಿಲ್ಲ ಅನ್ನೋದು ಲಾಯರ್ ಮೇಡಂ ಮುಂದೆ ಕೂತಾಗಲೇ ಗೊತ್ತಾಗಿದ್ದು. ಫ್ಲ್ಯಾಟ್ ಯಾರಿಗೆ? ಸಾಲ ಯಾರ ತಲೆಗೆ? ಲಾಕರ್‌ನಲ್ಲಿರೋ ಚಿನ್ನ? ಭಾನುವಾರ ಮಗಳು ಎಲ್ಲಿ?

ಹಿಂದೂ ವಿವಾಹ ಕಾಯ್ದೆ 1955ರದ್ದಾದರೂ, ಪರಸ್ಪರ ಒಪ್ಪಿಗೆಯ ವಿಚ್ಛೇದನ ಕೊಡುವ 13ಬಿ ಸೆಕ್ಷನ್ ಬಂದಿದ್ದು 1976ರಲ್ಲಿ. ಕನಿಷ್ಠ ಒಂದು ವರ್ಷ ಬೇರೆ ಇದ್ದಿರಬೇಕು. ಬೇರೆ ಅಂದ್ರೆ ಎರಡು ಮನೆ ಅಂತಲೇ ಅಲ್ಲ, ಒಂದೇ ಸೂರಿನಡಿ ಇದ್ದೂ ಗಂಡ ಹೆಂಡತಿಯಾಗಿ ಬಾಳದಿದ್ದರೆ ಸಾಕು ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಅರ್ಜಿ ಹಾಕಿದ ಮೇಲೆ ಮತ್ತೆ ಆರು ತಿಂಗಳು ಕಾಯಬೇಕು. ಕೋರ್ಟು ಈ ಆರು ತಿಂಗಳನ್ನು ಬಿಟ್ಟುಕೊಡಬಹುದು ಅಂತ 2017ರ ತೀರ್ಪಿದೆ. ಆದರೆ ಅದರಲ್ಲಿ ಹೇಳಿದ ಲೆಕ್ಕಕ್ಕೆ ಅರ್ಜಿಗೂ ಮೊದಲೇ ಒಂದೂವರೆ ವರ್ಷ ಬೇರೆ ಇದ್ದಿರಬೇಕಿತ್ತು. ನಾವು ಕಾದೆವು.

ಆ ಆರು ತಿಂಗಳೇ ನಿಜವಾದ ಪರೀಕ್ಷೆ. ಡಿಕ್ರಿ ಆಗುವವರೆಗೆ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ವಾಪಸ್ ತಗೋಬಹುದು. ಅದಕ್ಕೇ ಮೇಡಂ ಮೊದಲ ದಿನವೇ ಹೇಳಿದ್ದರು, "ಮೊದಲ ಸಹಿಗೇ ಎಲ್ಲ ಬಿಟ್ಟುಕೊಡಬೇಡಿ. ಅರ್ಧ ಈಗ, ಅರ್ಧ ಎರಡನೇ ಸಹಿಯ ದಿನ. ಇಬ್ಬರಿಗೂ ಅದೇ ಕ್ಷೇಮ."

ಕನಕಪುರ ರಸ್ತೆ ಕಡೆಯ ಫ್ಲ್ಯಾಟ್ ಇಬ್ಬರ ಹೆಸರಲ್ಲೂ ಇತ್ತು, ಸಾಲವೂ ಇಬ್ಬರ ಹೆಸರಲ್ಲಿ. ಮನೆ ಅವರು ಇಟ್ಟುಕೊಳ್ಳೋದು, ನಾನು ಹಾಕಿದ ದುಡ್ಡು ನನಗೆ ಕೊಡೋದು ಅಂತ ನಾವೇ ಮಾತಾಡಿಕೊಂಡಿದ್ದೆವು. ಅದನ್ನು ಬರೆಯುವ ಮೊದಲು ಬ್ಯಾಂಕಿಗೆ ಹೋಗಿ ಬನ್ನಿ ಅಂದರು ಮೇಡಂ. ಬ್ಯಾಂಕಿನವರು ನಗುನಗುತ್ತಲೇ ಹೇಳಿದರು: ನೀವು ಏನು ಒಪ್ಪಂದ ಮಾಡಿಕೊಂಡರೂ, ಕೋರ್ಟು ಡಿಕ್ರಿ ಕೊಟ್ಟರೂ, ಸಾಲಪತ್ರಕ್ಕೆ ಸಹಿ ಹಾಕಿದವರು ಇಬ್ಬರು, ಹಾಗಾಗಿ ಇಬ್ಬರೂ ಹೊಣೆ. ನನ್ನ ಹೆಸರು ತೆಗೀಬೇಕಾದರೆ ಅವರೊಬ್ಬರ ಸಂಬಳಕ್ಕೇ ಅಷ್ಟು ಸಾಲ ಕೊಡಬಹುದಾ ಅಂತ ಹೊಸದಾಗಿ ನೋಡಬೇಕು. ನೋಡಿದರು. ಸಾಲಲಿಲ್ಲ.

ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಮಾಡಿಸಿ ನಾನು ಮನೆಯಿಂದ ಹೊರಬರಬಹುದಿತ್ತು. ಆಗ ಮನೆ ಅವರದು, ಸಾಲ ಮಾತ್ರ ನನ್ನದೂ! ಕೊನೆಗೆ ಮಾರೋದೇ ಸರಿ ಅಂತ ಬರೆದೆವು. ಮಾರುವವರೆಗೆ ಅಲ್ಲಿರುವ ಅವರೇ ಇಎಂಐ ಕಟ್ಟೋದು. ಯಾರಾದರೂ ಇನ್ನೊಬ್ಬರ ಪಾಲು ಕಟ್ಟಿದರೆ ಮಾರಿದ ಹಣದಲ್ಲಿ ಅದು ಮೊದಲು ಅವರಿಗೆ. ಈ ಕೊನೆಯ ಸಾಲನ್ನು ಸೇರಿಸಿದ್ದು ಮೇಡಂ. ನನಗಾಗ ಇಷ್ಟೊಂದು ಅನುಮಾನ ಬೇಕಾ ಅನಿಸಿತ್ತು.

ಕಾಯುವ ಅವಧಿಯ ಮೂರನೇ ತಿಂಗಳಲ್ಲಿ ಅವರ ಕೆಲಸ ಹೋಯಿತು. ಇಎಂಐ ಬೌನ್ಸ್ ಆದ ಮೆಸೇಜ್ ನನ್ನ ಫೋನಿಗೂ ಬಂತು. ಒಬ್ಬರು ಕಟ್ಟದಿದ್ದರೆ ಇಬ್ಬರ ಸಿಬಿಲ್ ಸ್ಕೋರೂ ಬೀಳುತ್ತೆ. ಮಗಳ ಸ್ಕೂಲ್ ಫೀಸಿಗೆ ಅಂತ ಇಟ್ಟಿದ್ದ ಹಣದಿಂದ ಎರಡು ಕಂತು ಕಟ್ಟಿದೆ. ತುಮಕೂರಿನಿಂದ ಅಮ್ಮ ಫೋನ್ ಮಾಡಿ, "ಒಪ್ಪಿಗೆ ವಾಪಸ್ ತಗೊಂಡುಬಿಡು ಪುಟ್ಟಿ, ಆಗ ಗೊತ್ತಾಗುತ್ತೆ ಅವನಿಗೆ" ಅಂದರು. ಯೋಚನೆ ಬರಲಿಲ್ಲ ಅಂತ ಹೇಳಲಾರೆ. ಆದರೆ ವಾಪಸ್ ತಗೊಂಡರೆ ಮತ್ತೆ ಮೊದಲಿಂದ, ಅದೂ ಈ ಸಲ ಜಗಳವಾಡಿಕೊಂಡು, ವರ್ಷಗಟ್ಟಲೆ. ಅವರಿಗೆ ಒಂದೇ ಸಾಲಿನ ಮೆಸೇಜ್ ಹಾಕಿದೆ: "ಕಟ್ಟಿದ್ದೀನಿ, ಲೆಕ್ಕದಲ್ಲಿ ಬರೆದಿಟ್ಟಿದ್ದೀನಿ." "ಥ್ಯಾಂಕ್ಸ್" ಅಂತ ಬಂತು. ಅಷ್ಟೇ.

ಚಿನ್ನದ ವಿಷಯದಲ್ಲಿ ಗಲಾಟೆ ನಮ್ಮಿಬ್ಬರದಲ್ಲ, ಅಮ್ಮಂದಿರದ್ದು. ಮದುವೆಯಲ್ಲಿ ಹೆಣ್ಣಿಗೆ ಕೊಟ್ಟಿದ್ದು, ತವರಿನದ್ದಾಗಲಿ ಅತ್ತೆಮನೆಯದ್ದಾಗಲಿ, ಸ್ತ್ರೀಧನ; ಅದು ಅವಳದೇ. 1985ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಅತ್ತೆ ಹಾಕಿದ್ದ ಕಾಸಿನ ಸರವೂ ಕಾನೂನಿನ ಪ್ರಕಾರ ನನ್ನದೇ. ಆದರೆ ಅದು ಅವರಿಗೆ ಅವರ ತಾಯಿ ಕೊಟ್ಟಿದ್ದು. ವಾಪಸ್ ಕೊಟ್ಟೆ. ಕೊಟ್ಟಿದ್ದನ್ನು, ಅದೂ ಸ್ವಇಚ್ಛೆಯಿಂದ ಅಂತ, ತೂಕದ ಸಮೇತ ಒಪ್ಪಂದದಲ್ಲಿ ಬರೆಸಿದ ಮೇಲೆ.

ಮಗಳ ಪುಟಕ್ಕೇ ಹೆಚ್ಚು ಹೊತ್ತು ಹಿಡಿಯಿತು. "ಅನುಕೂಲವಾದಾಗ ತಂದೆ ನೋಡಬಹುದು" ಅಂತ ನಾವು ಬರೆದುಕೊಂಡು ಹೋಗಿದ್ದನ್ನು ಮೇಡಂ ಹೊಡೆದುಹಾಕಿದರು. ಯಾರ ಅನುಕೂಲ? ಎರಡು ಮತ್ತು ನಾಲ್ಕನೇ ಶನಿವಾರ ಬೆಳಗ್ಗೆ ಹತ್ತರಿಂದ ಭಾನುವಾರ ಸಂಜೆ ಆರು, ದಸರಾ ರಜೆಯ ಮೊದಲರ್ಧ, ದೀಪಾವಳಿ ಒಂದು ವರ್ಷ ಅಲ್ಲಿ ಒಂದು ವರ್ಷ ಇಲ್ಲಿ, ಫೀಸು ಅರ್ಧರ್ಧ. ಓದೋಕೆ ರೈಲ್ವೆ ಟೈಮ್‌ಟೇಬಲ್ ಥರ ಇದೆ. ಆದರೆ ಇವತ್ತಿಗೂ ಇದರ ಬಗ್ಗೆ ನಮ್ಮಲ್ಲಿ ಒಂದು ಮಾತೂ ಬೆಳೆದಿಲ್ಲ. ಇದೇನು ಶಿಲಾಶಾಸನವೂ ಅಲ್ಲ. ಪರಿಸ್ಥಿತಿ ಬದಲಾದರೆ ಮಕ್ಕಳ ವಿಷಯದ ಆದೇಶವನ್ನು ಬದಲಿಸಿ ಅಂತ ಕೋರ್ಟನ್ನು ಕೇಳಬಹುದು.

ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಎರಡನೇ ಸಹಿ ಮುಗಿಯಲು ಹದಿನೈದು ನಿಮಿಷ ಸಾಕಾಯಿತು. ಫ್ಲ್ಯಾಟ್ ಮಾರಾಟವಾಗಲು ಅದಾದ ಮೇಲೂ ಎರಡು ತಿಂಗಳು ಹಿಡಿಯಿತು. ಸಾಲ ತೀರಿತು, ನನ್ನ ಎರಡು ಕಂತು ಮೊದಲು ನನ್ನ ಕೈಗೆ ಬಂತು.

ಹೋದ ವಾರ ಲೈಫ್ ಇನ್ಶೂರೆನ್ಸ್ ಪಾಲಿಸಿ ತೆಗೆದು ನೋಡಿದೆ. ನಾಮಿನಿ ಜಾಗದಲ್ಲಿ ಅವರ ಹೆಸರೇ ಇತ್ತು. ಡಿಕ್ರಿ ಬಂತು ಅಂತ ಅದು ತಾನಾಗಿ ಬದಲಾಗಲ್ಲ. ಮಗಳ ಹೆಸರು ತುಂಬಿದೆ. ಅವಳು ಮೈನರ್, ಅವಳ ಪರವಾಗಿ ಹಣ ಪಡೆಯುವ ದೊಡ್ಡವರ ಹೆಸರು ಕೊಡಿ ಅಂತ ಫಾರಂ ಕೇಳಿತು. ಅಮ್ಮನಿಗೆ ವಯಸ್ಸಾಗಿದೆ. ಅಣ್ಣ ದೂರದಲ್ಲಿದ್ದಾನೆ. ಸ್ವಲ್ಪ ಹೊತ್ತು ಯೋಚಿಸಿ, ಅವರ ಹೆಸರನ್ನೇ ಬರೆದು, ಸಂಬಂಧ ಅನ್ನೋ ಕಡೆ 'ತಂದೆ' ಅಂತ ತುಂಬಿದೆ.