ಕೆಟ್ಟುಹೋದ ಹಾಲು

ಮಲ್ಕಾಜ್‌ಗಿರಿಯ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ತಂದೆಯವರ ಲೇತ್ ಯಂತ್ರವಿದೆ. ಲೋಹವನ್ನು ಕಡೆಯುವಾಗ ಅದನ್ನು ತಣಿಸಲು ಸುರಿಸುವ ದ್ರವವು ನೋಡಲು ಹಾಲಿನಂತೆಯೇ ಇರುವುದು. 20 ಪಾಲು ನೀರು, ಒಂದು ಪಾಲು ಎಣ್ಣೆ. ದಸರೆಯ ರಜೆ ಕಳೆದು ಬಾಗಿಲು ತೆರೆದರೆ ಕೊಳೆತ ಮೊಟ್ಟೆಯ ನಾತ! ಯಂತ್ರದಿಂದ ಸೋರಿದ ಎಣ್ಣೆ ಮೇಲೆ ಕೆನೆಗಟ್ಟಿ, ಗಾಳಿಯಾಡದೆ, ಒಳಗೆ ಸೂಕ್ಷ್ಮಜೀವಿಗಳು ಬೆಳೆದಿದ್ದವು.

ನಾನು ಮಹಾಜಾಣನಂತೆ ಒಂದು ಬಕೆಟ್ಟನ್ನು ಚರಂಡಿಗೆ ಸುರಿದುಬಿಟ್ಟೆ. ತಂದೆಯವರು ಗದರಲಿಲ್ಲ, ಈ ಚರಂಡಿ ಎಲ್ಲಿಗೆ ಹೋಗುವುದೆಂದು ಮಾತ್ರ ಕೇಳಿದರು. ಸಫಿಲ್‌ಗುಡದ ಕೆರೆ ನಮಗೆ ದೂರವಿಲ್ಲ.

ಉಳಿದುದನ್ನು ಪೀಪಾಯಿಗೆ ತುಂಬಿ, ತೊಟ್ಟಿಯ ತಳದ ಕೆಸರನ್ನು ಬಳಿದು ತೊಳೆದೆವು. ಹೊಸದನ್ನು ಬೆರೆಸುವಾಗ ನೀರಿಗೇ ಎಣ್ಣೆಯನ್ನು ಹಾಕಬೇಕು. ಎಣ್ಣೆಗೆ ನೀರು ಹಾಕಿದರೆ ಸರಿಯಾಗಿ ಬೆರೆಯದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಂತೆ ಹಳೆಯದನ್ನು ಪರವಾನಗಿ ಪಡೆದವರಿಗೇ ಒಪ್ಪಿಸಬೇಕು. ಅವರ ಗಾಡಿ ಬರುವವರೆಗೂ ಪೀಪಾಯಿ ಮೂಲೆಯಲ್ಲಿ ನಿಂತಿತ್ತು, ಒಂದು ಬಕೆಟ್ಟಿನಷ್ಟು ಕೊರತೆಯೊಂದಿಗೆ.