ರುಜುವಿಗೆ ಮುನ್ನ ಒಂದು ಸುತ್ತು

ಹೊಸೂರಿನಲ್ಲಿ ನಾವು ಕೊಳ್ಳಲಿದ್ದ ಮನೆಯ ನೋಂದಣಿಗೆ ಒಂದೇ ದಿನ ಉಳಿದಿತ್ತು. ಮುಂಗಡ ಕೊಟ್ಟಾಗಿತ್ತು, ಉಳಿದ ಹಣವೆಂದರೆ ನಮ್ಮ ಇಪ್ಪತ್ತು ವರ್ಷಗಳ ಉಳಿತಾಯ. “ಕರಡು ಕ್ರಯಪತ್ರವನ್ನು ಕೈಯಲ್ಲಿ ಹಿಡಿದೇ ಮನೆಯನ್ನು ಸುತ್ತಿ ಬನ್ನಿ” ಎಂದು ಸೋದರಮಾವನವರು ಹೇಳಿದ್ದರು.

ಪತ್ರವು ತಮಿಳಿನಲ್ಲಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೊಸೂರು ಮದರಾಸು ರಾಜ್ಯದಲ್ಲಿಯೇ ಉಳಿಯಿತು. 2004ರಿಂದ ಕೃಷ್ಣಗಿರಿ ಜಿಲ್ಲೆಗೆ ಸೇರಿದೆ. ನಮ್ಮ ಮನೆಮಾತು ಕನ್ನಡ, ಮನೆಯ ಹಕ್ಕುಪತ್ರದ ಮಾತು ತಮಿಳು. ಶಾಲೆಯಲ್ಲಿ ತಮಿಳು ಕಲಿತ ಮಗಳು ಒಂದೊಂದೇ ಸಾಲನ್ನು ಓದಿ ಕನ್ನಡದಲ್ಲಿ ತಿಳಿಸುತ್ತಾ ಬಂದಳು.

ನಲ್ಲಿ ತಿರುಗಿಸಿದೆವು, ದೀಪ ಹಾಕಿದೆವು, ಬಾಗಿಲುಗಳ ಚಿಲಕ ಎಳೆದು ನೋಡಿದೆವು. ಎಲ್ಲವೂ ಸರಿಯಾಗಿತ್ತು. ಚೆಕ್ಕುಬಂದಿಯ ಸಾಲಿಗೆ ಬಂದಾಗ ಮಗಳು ತಡೆದು, “ಅಪ್ಪಾ, ಉತ್ತರದ ಎಲ್ಲೆ ಓಣಿ ಎಂದಿದೆ” ಎಂದಳು. ನಾವು ನಿಂತಿದ್ದುದು ಆ ಓಣಿಯಲ್ಲಿಯೇ; ಮನೆಗೆ ನೀರುಣಿಸುವ ಕೊಳವೆಬಾವಿಯೂ ಅಲ್ಲಿಯೇ. ಪತ್ರದ ಪ್ರಕಾರ ಅವೆರಡೂ ನಮ್ಮ ಎಲ್ಲೆಯ ಹೊರಗೆ! ಮೂಲಪತ್ರವನ್ನು ತರಿಸಿ ನೋಡಿದೆವು. ಅದರಲ್ಲಿ ಉತ್ತರದ ಎಲ್ಲೆ ನೆರೆಮನೆಯ ಗೋಡೆ. ಓಣಿಯು ಮನೆಗೇ ಸೇರಿತ್ತು.

ಮಾರುವ ಹಿರಿಯರು ತಾವೂ ಬೆರಗಾಗಿ, “ಬರೆದವರ ಕೈತಪ್ಪು” ಎಂದರು. ಇರಬಹುದು. ಆದರೆ ನೋಂದಣಿಯಾದ ಮೇಲೆ ಅದನ್ನು ಸರಿಪಡಿಸಲು ತಿದ್ದುಪಡಿ ಪತ್ರವಾಗಬೇಕು. ಅದಕ್ಕೆ ಅವರೇ ಮತ್ತೆ ರುಜು ಹಾಕಬೇಕು. ಮುಪ್ಪಿನ ಜೀವ, ನಾಳೆ ಅವರ ಮಕ್ಕಳು ಏನೆನ್ನುವರೋ! ನೋಂದಣಿಯನ್ನು ಒಂದು ವಾರ ಮುಂದೂಡಿ, ಪತ್ರ ತಿದ್ದಿಸಿದ ಮೇಲೆಯೇ ರುಜು ಹಾಕಿದೆವು.

ಗಡಿಯ ಈಚೆ ಮನೆ ಕೊಳ್ಳುವ ಬಂಧುಗಳು ಕಡೆಯ ಸುತ್ತಿಗೆ ಹೋಗುವಾಗ ತಮಿಳು ಓದಬಲ್ಲ ಮಕ್ಕಳನ್ನು ಜೊತೆಗೆ ಕರೆದೊಯ್ಯಲಿ. ನಮ್ಮ ಮನೆಯ ನೀರನ್ನು ನಮಗೆ ಉಳಿಸಿಕೊಟ್ಟವಳು ಮಗಳೇ.