ಎಣ್ಣೆ ಹತ್ತುವ ಕೆಲಸ

ಮೊನ್ನೆ ಸಾಲಹಳ್ಳಿಯಿಂದ ಕಾಕಾ ಫೋನ್ ಮಾಡಿದ್ದರು. "ತಮ್ಮಾ, ಹತ್ತನೇತ್ತಾ ಪಾಸಾತು. ಇವಾ ಬೆಳಗಾವಿ ಜಿಟಿಟಿಸಿ ಸೇರ್ತೇನಿ ಅಂತ ಹಟಾ ಹಿಡದಾನ. ಕೈಗೆ ಎಣ್ಣಿ ಹತ್ತೋ ಕೆಲಸ ಯಾಕ? ನೀ ಇಂಜಿನಿಯರ್ ಅದಿ, ಪಿಯುಸಿ ಮಾಡು ಅಂತ ಒಂದ ಮಾತ ಹೇಳಪಾ..."

ನಾನು ಹೇಳಲಿಲ್ಲ. ಅವನ ಪರವಾಗಿಯೇ ಮಾತಾಡಿದೆ.

ಜಿಟಿಟಿಸಿ 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಸಂಸ್ಥೆ. ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಅಂದರೆ ಮೂರು ವರ್ಷ ಕಲಿಕೆ, ಮೇಲೊಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಮೊದಲು ಕೈಗೆ ಬರೋದು ಫೈಲು (ನಮ್ಮ ಆಫೀಸಿನದ್ದಲ್ಲ, ಅರ!). ಕಬ್ಬಿಣದ ತುಂಡು ಮೂಲೆಮಟ್ಟಕ್ಕೆ ಸರಿಯಾಗಿ ಕೂರೋ ತನಕ ಉಜ್ಜಬೇಕು, ಅಂಗೈಯಲ್ಲಿ ಬೊಬ್ಬೆ ಏಳುತ್ತೆ. ಆಮೇಲೆ ಲೇತು, ಮಿಲ್ಲಿಂಗು, ಗ್ರೈಂಡಿಂಗು, ಸಿಎನ್‌ಸಿ.

ಮನೆಯ ಪ್ಲಾಸ್ಟಿಕ್ ಬಕೆಟ್, ಪೆನ್ನಿನ ಕ್ಯಾಪು, ಮೊಬೈಲಿನ ಕವಚ ಎಲ್ಲವೂ ಯಾರೋ ಕೊರೆದ ಅಚ್ಚಿನಿಂದ ಬಂದವು. ಒಂದು ಮಿಲಿಮೀಟರ್ ತಗಡು ಕತ್ತರಿಸೋ ಡೈನಲ್ಲಿ ಪಂಚಿನ ಸುತ್ತ ಬಿಡೋ ಸಂದು ಸುಮಾರು 0.05 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ಕೂದಲೆಳೆ. ಕೋಡಿಗೆ ಅಂಡೂ ಇದೆ, ಉಕ್ಕಿಗಿಲ್ಲ :)

ಇದನ್ನೆಲ್ಲ ಕಾಕಾನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅಲ್ಲೆ ಹಾಸ್ಟೆಲ್ ಐತೇನು?" ಅಂದರು.